ವಾಲುವ ರೈಲು ಮತ್ತು ಮೂರು ಮಿಲಿಮೀಟರಿನ ತೂತು

ಹೋದ ವರ್ಷ ಮ್ಯಾಂಚೆಸ್ಟರ್‌ನಲ್ಲಿರುವ ತಂಗಿ ಮನೆಗೆ ಹೋಗಿದ್ದೆ. ಒಂದು ರಜಾದಿನ ಮನೆಮಂದಿಯೆಲ್ಲ ಶಾಪಿಂಗ್‌ಗೆ ಹೊರಟರು. ನಾನು ಏನೋ ನೆಪ ಹೇಳಿ ತಪ್ಪಿಸಿಕೊಂಡು ಕ್ರೂ ಊರಿನ ರೈಲು ಹತ್ತಿದೆ. ಅಲ್ಲಿನ ಹೆರಿಟೇಜ್ ಸೆಂಟರ್‌ನಲ್ಲಿ ಒಂದು ರೈಲು ನಿಂತಿದೆ. ಹೆಸರು ಅಡ್ವಾನ್ಸ್‌ಡ್ ಪ್ಯಾಸೆಂಜರ್ ಟ್ರೈನ್, ಚಿಕ್ಕದಾಗಿ ಎಪಿಟಿ. ತಿರುವು ಬಂದಾಗ ಬೈಕ್ ಸವಾರನ ಹಾಗೆ ಒಳಮಗ್ಗುಲಿಗೆ ವಾಲಿಕೊಂಡು ಓಡಲಿ ಅಂತ ಬ್ರಿಟಿಷ್ ರೈಲ್ ಮಾಡಿದ್ದ ರೈಲು ಇದು. ಪಕ್ಕದ ಮುಖ್ಯ ಹಳಿಯಲ್ಲಿ ಇವತ್ತಿನ ವಾಲುವ ರೈಲುಗಳಾದ ಪೆಂಡೊಲಿನೊಗಳು ಭರ್ ಅಂತ ಹಾದುಹೋಗುತ್ತಿದ್ದವು. ಇದು ಮಾತ್ರ ಬೇಲಿಯ ಈಚೆ ಸುಮ್ನೆ ನಿಂತಿತ್ತು.

ಒಳಗೆ ಕಾಲಿಟ್ಟ ತಕ್ಷಣ ಇಕ್ಕಟ್ಟು ಅನ್ನಿಸಿತು. ಗೋಡೆ ಮೇಲೆ ಹೋಗ್ತಾ ಹೋಗ್ತಾ ಒಳಕ್ಕೆ ಬಾಗಿದೆ. ಕಿಟಕಿ ಪಕ್ಕ ನಿಂತರೆ ತಲೆ ತಗಲುವ ಹಾಗಿದೆ. ಸಾಮಾನು ಇಡೋದಕ್ಕೂ ಮೇಲೆ ಜಾಗ ಕಡಿಮೆ. ಏನಪ್ಪಾ, ಇಷ್ಟು ದುಡ್ಡು ಸುರಿದು ಇಂಥಾ ಗೂಡು ಮಾಡಿದ್ದಾರಲ್ಲ ಅಂತ ಯಾರಿಗಾದರೂ ಅನ್ನಿಸಬೇಕು. ಆದರೆ ಅದಕ್ಕೊಂದು ಕಾರಣ ಇದೆ. ಈ ಡಬ್ಬಿ 9 ಡಿಗ್ರಿವರೆಗೂ ವಾಲಬೇಕಿತ್ತು. ಅಷ್ಟು ವಾಲಿದಾಗ ಮೇಲಿನ ಮೂಲೆ ಪಕ್ಕಕ್ಕೆ ಚಾಚಿಕೊಳ್ಳುತ್ತದೆ. ಸುರಂಗದ ಗೋಡೆಗೋ ಎದುರಿನ ರೈಲಿಗೋ ಉಜ್ಜಬಾರದಲ್ವಾ? ಅದಕ್ಕೇ ಡಬ್ಬಿಯ ಹೆಗಲನ್ನು ಮೊದಲೇ ತಗ್ಗಿಸಿದ್ದಾರೆ. ನಿಂತ ರೈಲಿನಲ್ಲಿ ಇದು ಗೊತ್ತಾಗೋದಿಲ್ಲ. ಯಾರಾದರೂ ಹೇಳಬೇಕು.

ಇದನ್ನ ಬರೀತಿರೋದೇ ಈ ‘ಯಾರಾದರೂ ಹೇಳಬೇಕು’ ಅನ್ನೋ ವಿಷಯಕ್ಕೆ. ಹಳೇ ಯಂತ್ರಕ್ಕೆ ಬಣ್ಣ ಬಳಿದು ಶೆಡ್ಡಿನಲ್ಲಿ ನಿಲ್ಲಿಸಿದರೆ ಅರ್ಧ ಕೆಲಸ ಆಯಿತು ಅಷ್ಟೇ. ಅದು ಯಾಕೆ ಹಾಗಿದೆ ಅನ್ನೋದನ್ನೂ ಉಳಿಸಬೇಕು. ಈ ಎಪಿಟಿಯಂಥ ಸೋತ ಯಂತ್ರದ ವಿಷಯದಲ್ಲಂತೂ ಇನ್ನೂ ಜಾಸ್ತಿ. ಗೆದ್ದ ಯಂತ್ರದ ಬುದ್ಧಿ ಅದರ ಮುಂದಿನ ಮಾಡೆಲ್‌ನಲ್ಲಿ ಉಳಿದುಕೊಳ್ಳುತ್ತದೆ. ಸೋತದ್ದಕ್ಕೆ ಆ ಭಾಗ್ಯ ಇಲ್ಲ.

ನನಗಿದು ಪುಸ್ತಕದಿಂದ ಬಂದ ಜ್ಞಾನ ಅಲ್ಲ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ನಾನು ಹೊಸದಾಗಿ ಡಿಸೈನ್ ವಿಭಾಗಕ್ಕೆ ಸೇರಿದ್ದೆ. ಒಂದು ಗೇರ್‌ಬಾಕ್ಸ್ ಮುಚ್ಚಳದ ಡ್ರಾಯಿಂಗ್ ನನ್ನ ಕೈಗೆ ಬಂತು. ಅದರ ಮೂಲೆಯಲ್ಲಿ 3 ಮಿಲಿಮೀಟರಿನ ಒಂದು ತೂತು. ಯಾವ ಬೋಲ್ಟಿಗೂ ಸೇರಿದ್ದಲ್ಲ. ಖರ್ಚು ಇಳಿಸಿ ಅಂತ ಮೇಲಿನವರ ಒತ್ತಡ ಇತ್ತು. ತೆಗೆದುಬಿಟ್ಟೆ, ಒಂದು ಡ್ರಿಲ್ಲಿಂಗ್ ಉಳಿಯಿತು, ಶಹಬ್ಬಾಸ್‌ಗಿರಿಯೂ ಸಿಕ್ಕಿತು. ಎರಡು ತಿಂಗಳಲ್ಲಿ ದೂರು ಬರೋಕೆ ಶುರುವಾಯಿತು, ಸೀಲ್‌ನಿಂದ ಎಣ್ಣೆ ಸೋರ್ತಾ ಇದೆ ಅಂತ. ಹೊಸ ಸೀಲ್ ಹಾಕಿದೆವು. ಮತ್ತೆ ಸೋರಿತು. ಕೊನೆಗೆ ನಿವೃತ್ತಿಗೆ ಹತ್ತಿರ ಇದ್ದ ಫಿಟ್ಟರ್ ಒಬ್ಬರು ಮುಚ್ಚಳ ತಿರುಗಿಸಿ ನೋಡಿ, "ತೂತು ಎಲ್ಲಿ ಸಾರ್?" ಅಂದರು. "ತೆಗೆದ್ವಿ, ಅದ್ಯಾಕೆ ಬೇಕು?" ಅಂದೆ. "ಅದು ಉಸಿರಾಡೋ ತೂತು ಸಾರ್. ಓಡಿ ಓಡಿ ಒಳಗೆ ಬಿಸಿ ಆದಾಗ ಗಾಳಿ ಹೋಗ್ಬೇಕಲ್ಲ. ಅದನ್ನ ಮುಚ್ಚಿದ್ರೆ ಸೀಲಲ್ಲಿ ಎಣ್ಣೆ ಕಕ್ಕುತ್ತೆ." ಡ್ರಾಯಿಂಗ್‌ನಲ್ಲಿ ತೂತಿನ ಅಳತೆ ಇತ್ತು, ಜಾಗ ಇತ್ತು. ಕಾರಣ ಇದ್ದದ್ದು ಆ ಮನುಷ್ಯನ ತಲೆಯಲ್ಲಿ ಮಾತ್ರ.

ಈಗ ಎಪಿಟಿಗೆ ಬರೋಣ. 1964ರಲ್ಲಿ ಜಪಾನ್ ಶಿಂಕಾನ್‌ಸೆನ್ ಓಡಿಸಿತು. ಅದಕ್ಕೆ ನೆಟ್ಟಗಿರುವ ಹೊಸ ಹಳಿಯನ್ನೇ ಹಾಕಿದ್ದರು. ಬ್ರಿಟನ್‌ನವರು ಯೋಚಿಸಿದ್ದು ಬೇರೆ. ವಿಕ್ಟೋರಿಯಾ ರಾಣಿ ಕಾಲದ ಅಂಕುಡೊಂಕು ಹಳಿ, ಹಳೇ ಸಿಗ್ನಲ್ ಎಲ್ಲ ಹಾಗೇ ಇರಲಿ, ಅದರ ಮೇಲೇ ವೇಗವಾಗಿ ಓಡುವ ರೈಲು ಮಾಡೋಣ ಅಂತ. ತಿರುವಿನಲ್ಲಿ ಹೊರಗಿನ ಹಳಿಯನ್ನು ಸ್ವಲ್ಪ ಎತ್ತರಿಸಿರುತ್ತಾರೆ. ಆದರೆ ಅದೇ ಹಳಿಯಲ್ಲಿ ನಿಧಾನವಾದ ಗೂಡ್ಸ್ ಗಾಡಿಯೂ ಹೋಗಬೇಕು. ಹಾಗಾಗಿ ಬೇಕಾದಷ್ಟು ಎತ್ತರಿಸೋಕೆ ಆಗೋದಿಲ್ಲ. ಉಳಿದ ವಾಲಿಕೆಯನ್ನು ಡಬ್ಬಿಯೇ ಮಾಡಲಿ ಅನ್ನೋದು ಉಪಾಯ. ಡರ್ಬಿಯ ಸಂಶೋಧನಾ ಕೇಂದ್ರದಲ್ಲಿ ಚಕ್ರ ಮತ್ತು ಹಳಿಯ ಸಂಬಂಧದ ಮೂಲ ಲೆಕ್ಕ ಹಾಕಿದವರು ಅಲನ್ ವಿಕೆನ್ಸ್. ವಿಮಾನದ ಕೆಲಸ ಬಿಟ್ಟು ರೈಲಿಗೆ ಬಂದವರು.

ಮೊದಲು ಮಾಡಿದ್ದು ಎಪಿಟಿ-ಇ. ನಾಲ್ಕೇ ಡಬ್ಬಿ, ಪ್ರಯಾಣಿಕರಿಗಲ್ಲ, ಬರೀ ಪ್ರಯೋಗಕ್ಕೆ. ಎಂಜಿನ್ ಅಂದರೆ ಲೇಲ್ಯಾಂಡ್‌ನವರು ಲಾರಿಗೆ ಅಂತ ಮಾಡುತ್ತಿದ್ದ ಗ್ಯಾಸ್ ಟರ್ಬೈನ್. 1972ರ ಜುಲೈ 25ರಂದು ಮೊದಲ ಸಲ ಡರ್ಬಿಯಿಂದ ಹೊರಗೆ ಓಡಿತು. ಆಮೇಲೆ ಹತ್ತಿರ ಹತ್ತಿರ ಒಂದು ವರ್ಷ ಓಡಲೇ ಇಲ್ಲ. ಯಾಕೆ ಗೊತ್ತಾ? ಚಾಲಕನ ಕೋಣೆಯಲ್ಲಿ ಒಂದೇ ಕುರ್ಚಿ ಇತ್ತು. ಒಂದೇ ಕುರ್ಚಿ ಅಂದರೆ ಎರಡನೇ ಆಳಿಗೆ ಕೆಲಸ ಇಲ್ಲ ಅಂತ ಅರ್ಥ. ಚಾಲಕರ ಸಂಘ ರೈಲು ಮುಟ್ಟೋದಿಲ್ಲ ಅಂತ ಕೂತಿತು. ಆ ಕುರ್ಚಿ ಈಗಲೂ ಇದೆ. ನೋಡಿದವರಿಗೆ ಅದೊಂದು ಕುರ್ಚಿ ಅಷ್ಟೇ.

ಇದರ ಬ್ರೇಕ್ ನನಗೆ ತುಂಬಾ ಇಷ್ಟ. ಸಿಗ್ನಲ್‌ಗಳ ನಡುವಿನ ದೂರ ಗಂಟೆಗೆ 100 ಮೈಲಿಯ ರೈಲಿಗೆ ಅಂತ ಇಟ್ಟದ್ದು. ಎಪಿಟಿ 150 ಮೈಲಿಗೂ ಜಾಸ್ತಿ ವೇಗದಿಂದ ಅಷ್ಟೇ ದೂರದಲ್ಲಿ ನಿಲ್ಲಬೇಕು. ಚಕ್ರಕ್ಕೆ ಬ್ರೇಕ್ ಬ್ಲಾಕ್ ಒತ್ತಿ ನಿಲ್ಲಿಸೋಕೆ ಹೋದರೆ ಕಾದು ಸುಟ್ಟೇ ಹೋಗುತ್ತದೆ. ಅದಕ್ಕೆ ಚಕ್ರದ ಅಚ್ಚನ್ನೇ (ಆಕ್ಸಲ್) ಟೊಳ್ಳು ಮಾಡಿ ಒಳಗೆ ರೆಕ್ಕೆಗಳನ್ನಿಟ್ಟರು. ಬ್ರೇಕ್ ಹಾಕಿದಾಗ ಅದರೊಳಗೆ ನೀರು ಮತ್ತು ಗ್ಲೈಕಾಲ್ ಬೆರೆಸಿದ ದ್ರವ ನುಗ್ಗುತ್ತದೆ. ತಿರುಗುವ ರೆಕ್ಕೆ ಆ ದ್ರವವನ್ನು ಕಡೆದು ಕಡೆದು ಸುಸ್ತಾಗುತ್ತದೆ. ಬಿಸಿಯಾದ ದ್ರವ ರೇಡಿಯೇಟರ್‌ಗೆ ಹೋಗಿ ತಣ್ಣಗಾಗುತ್ತದೆ. ವೇಗ ಇಳಿದ ಮೇಲೆ ಮಾಮೂಲಿ ಬ್ರೇಕ್. ಅಚ್ಚನ್ನು ಹೊರಗಿನಿಂದ ಎಷ್ಟು ಫೋಟೋ ತೆಗೆದರೂ ಇದು ಕಾಣೋದಿಲ್ಲ. 1975ರ ಆಗಸ್ಟ್‌ನಲ್ಲಿ ಈ ರೈಲು ಗಂಟೆಗೆ 245 ಕಿಲೋಮೀಟರ್ ಮುಟ್ಟಿತು. ಮರುವರ್ಷವೇ ಮ್ಯೂಸಿಯಂ ಸೇರಿತು.

ಇನ್ನೊಂದು ಗೊಂದಲ ಭಾಷೆಯದು. ನಮ್ಮಲ್ಲಿ ಬೋಗಿ ಅಂದರೆ ಇಡೀ ಡಬ್ಬಿ. ಎಂಜಿನಿಯರುಗಳ ಬೋಗಿ ಅಂದರೆ ಡಬ್ಬಿ ಕೆಳಗಿನ ಚಕ್ರದ ಚೌಕಟ್ಟು. ಎಪಿಟಿಯಲ್ಲಿ ವಾಲೋದು ನಮ್ಮ ಬೋಗಿ, ಅವರ ಬೋಗಿ ಹಳಿಯ ಮೇಲೆ ತನ್ನ ಪಾಡಿಗೆ ಇರುತ್ತದೆ. ಕನ್ನಡದಲ್ಲಿ ಇದನ್ನು ಯಾರಿಗಾದರೂ ವಿವರಿಸಲು ಹೋಗಿ, ಅರ್ಧ ಗಂಟೆ ಇದೊಂದರಲ್ಲೇ ಕಳೆದಿದ್ದೇನೆ!

ಎರಡನೆಯದು ಎಪಿಟಿ-ಪಿ, ಕರೆಂಟಿನದು, ನಾನು ಕ್ರೂನಲ್ಲಿ ನೋಡಿದ್ದು. ಇದರ ಎಂಜಿನ್ ರೈಲಿನ ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ, ನಟ್ಟನಡುವೆ ಇದೆ. ಜನ ಈ ಕಡೆಯಿಂದ ಆ ಕಡೆಗೆ ಓಡಾಡುವ ಹಾಗಿಲ್ಲ. ಊಟ ತಿಂಡಿಯ ವ್ಯವಸ್ಥೆ ಎರಡೂ ಕಡೆ ಬೇರೆ ಬೇರೆ. ಪೆದ್ದು ಡಿಸೈನ್ ಅನ್ನಿಸುತ್ತದಲ್ವಾ? ಎರಡು ತುದಿಯಲ್ಲಿ ಎರಡು ಎಂಜಿನ್ ಇಟ್ಟು ಎರಡು ಪ್ಯಾಂಟೋಗ್ರಾಫ್ (ಮೇಲಿನ ತಂತಿಗೆ ತಾಗಿ ಕರೆಂಟ್ ತಗೊಳ್ಳುವ ಕೈ) ಎತ್ತಿದರೆ ಆ ವೇಗದಲ್ಲಿ ಮೊದಲನೆಯದು ಎಬ್ಬಿಸಿದ ಅಲೆಗೆ ತಂತಿ ಕುಣಿದು ಎರಡನೆಯದಕ್ಕೆ ಸರಿಯಾಗಿ ಸಿಗೋದಿಲ್ಲ. ಒಂದೇ ಪ್ಯಾಂಟೋಗ್ರಾಫ್ ಇಟ್ಟು 25,000 ವೋಲ್ಟಿನ ಕೇಬಲನ್ನು ಪ್ರಯಾಣಿಕರ ತಲೆ ಮೇಲೆ ಉದ್ದಕ್ಕೂ ಎಳೆಯೋಕೆ ಆಗ ಒಪ್ಪಿಗೆ ಇರಲಿಲ್ಲ. ಹಾಗಾಗಿ ಎಂಜಿನ್ ನಡುವೆ. ಅದೂ ಅಲ್ಲದೆ ಡಬ್ಬಿ ವಾಲಿದರೂ ಪ್ಯಾಂಟೋಗ್ರಾಫ್ ತಂತಿಯ ಕೆಳಗೇ ನೆಟ್ಟಗೆ ಇರಬೇಕು. ಅದನ್ನು ಕೆಳಗಿನ ಚಕ್ರದ ಚೌಕಟ್ಟಿಗೆ ಜೋಡಿಸಿ, ವಾಲಿಕೆ ಅದಕ್ಕೆ ತಾಗದಂತೆ ಮಾಡಿದರು. 1979ರ ಡಿಸೆಂಬರ್‌ನಲ್ಲಿ ಇದು 261 ಕಿಲೋಮೀಟರ್ ವೇಗ ಮುಟ್ಟಿತು. ಆ ದಾಖಲೆ ಬ್ರಿಟನ್‌ನಲ್ಲಿ 23 ವರ್ಷ ಉಳಿಯಿತು.

ಆದರೆ ಜನ ನೆನಪಿಟ್ಟುಕೊಂಡಿದ್ದು 1981ರ ಡಿಸೆಂಬರ್ ವಾರವನ್ನು. ಪತ್ರಕರ್ತರನ್ನು ಕೂರಿಸಿಕೊಂಡು ಗ್ಲಾಸ್ಗೋದಿಂದ ಲಂಡನ್ನಿಗೆ ಹೊರಟರು. ಹಿಮ ಬಿದ್ದಿತ್ತು. ಚಳಿಗೆ ಬ್ರೇಕ್ ಹೆಪ್ಪುಗಟ್ಟಿತು, ವಾಲುವ ವ್ಯವಸ್ಥೆ ಕೈಕೊಟ್ಟಿತು, ಕೆಲವರಿಗೆ ಹೊಟ್ಟೆ ತೊಳಸಿತು. ಪತ್ರಿಕೆಗಳು ಗೇಲಿ ಮಾಡಿದ್ದೇ ಮಾಡಿದ್ದು. ಕೆಲವೇ ದಿನಕ್ಕೆ ಸೇವೆ ನಿಂತಿತು.

ಈ ಹೊಟ್ಟೆ ತೊಳಸುವ ವಿಷಯ ಸ್ವಲ್ಪ ನೋಡಿ. ಚಾರ್ಮಾಡಿ ಘಾಟಿಯಲ್ಲಿ ಬಸ್ಸಿನಲ್ಲಿ ಕೂತು ಮೊಬೈಲ್ ನೋಡ್ತಾ ಇದ್ದರೆ ವಾಂತಿ ಬರುತ್ತದೆ. ಕಣ್ಣಿಗೆ ಎಲ್ಲ ನಿಂತ ಹಾಗಿದೆ, ಕಿವಿಯ ಒಳಗಿನ ಭಾಗಕ್ಕೆ ಮಾತ್ರ ತಿರುವು ಗೊತ್ತಾಗುತ್ತಿದೆ. ಎಪಿಟಿಯಲ್ಲಿ ಇದು ತಿರುವುಮುರುವು. ಡಬ್ಬಿ ಲೆಕ್ಕಕ್ಕೆ ಸರಿಯಾಗಿ ವಾಲಿಬಿಟ್ಟರೆ ಮೈಗೆ ಏನೂ ತಿಳಿಯೋದಿಲ್ಲ. ಲೋಟದ ನೀರೂ ಅಲುಗೋದಿಲ್ಲ. ಕಿಟಕಿಯಾಚೆ ಮಾತ್ರ ಇಡೀ ಹೊಲ ಗದ್ದೆ ಮೇಲಕ್ಕೆದ್ದು ಬರುತ್ತದೆ! ಅಂದರೆ ಕೆಲಸ ಕೆಟ್ಟದ್ದಕ್ಕಷ್ಟೇ ಅಲ್ಲ, ತೀರಾ ಚೆನ್ನಾಗಿ ಮಾಡಿದ್ದಕ್ಕೂ ವಾಂತಿ ಬರುತ್ತಿತ್ತು. ಬೇಕಾದ್ದಕ್ಕಿಂತ ಸ್ವಲ್ಪ ಕಡಿಮೆ ವಾಲಿಸಿ, ಮೈಗೆ ತಿರುವು ಚೂರು ತಿಳಿಯುವ ಹಾಗೆ ಬಿಟ್ಟರೆ ಆರಾಮ. ಇನ್ನೊಂದು ತೊಂದರೆ ತಡದ್ದು. ಡಬ್ಬಿ ತಾನು ತಿರುವಿಗೆ ಬಂದ ಮೇಲೆ ತಿಳಿದುಕೊಂಡು ವಾಲಿದರೆ ಆಗಲೇ ಹೊತ್ತು ಮೀರಿರುತ್ತದೆ. ಮುಂದಿನ ಡಬ್ಬಿಯಿಂದ ಸುದ್ದಿ ತಗೊಂಡರೆ ಅದೂ ಸರಿಹೋಗುತ್ತದೆ. ಇಂಥ ಪಾಠಗಳು ಸಿಕ್ಕಿದ್ದು ಆ ಗೇಲಿಗೊಳಗಾದ ರೈಲಿನಿಂದ.

ಹಳೇ ಕಾಗದಪತ್ರ ಓದದೇ ಇದ್ದರೆ ಆ ಜಾಗಕ್ಕೆ ಕಥೆ ಬಂದು ಕೂರುತ್ತದೆ. ಬ್ರಿಟಿಷರು ಈ ತಂತ್ರಜ್ಞಾನವನ್ನ ಇಟಲಿಗೆ ಮಾರಿದರು, ಇಟಲಿಯವರು ಅದನ್ನೇ ಪೆಂಡೊಲಿನೊ ಅಂತ ವಾಪಸ್ ಮಾರಿದರು ಅನ್ನೋ ಕಥೆ ಎಷ್ಟು ಸಲ ಕೇಳಿದ್ದೇನೋ. ಕೇಳೋಕೆ ಮಜಾ ಇದೆ, ನಮಗೆ ಇಂಗ್ಲಿಷರು ಪೆಟ್ಟು ತಿಂದ ಕಥೆ ಅಂದರೆ ಇನ್ನೂ ಮಜಾ. ಆದರೆ ಫಿಯಟ್‌ನವರು 1971ರಲ್ಲೇ ತಮ್ಮ ವಾಲುವ ಡಬ್ಬಿ ಪರೀಕ್ಷೆ ಮಾಡುತ್ತಿದ್ದರು. 1976ರಲ್ಲಿ ಅವರ ಇಟಿಆರ್ 401 ಪ್ರಯಾಣಿಕರನ್ನೇ ಹೊತ್ತು ಓಡಿತು. ಅವರದು ಅವರದೇ ದಾರಿ. ಎರಡೂ ಕಡೆಯ ಡ್ರಾಯಿಂಗ್ ಪಕ್ಕಪಕ್ಕ ಇಟ್ಟು ನೋಡಿದವರು ಮಾತ್ರ ಯಾವುದು ಯಾರದು ಅಂತ ಹೇಳಬಲ್ಲರು.

ಸೋತದ್ದು ಅಂತಾರಲ್ಲ, ಇದನ್ನೂ ಕೇಳಿ. 1984ರ ಡಿಸೆಂಬರ್ 12ರಂದು ಎಪಿಟಿ-ಪಿ ಲಂಡನ್‌ನಿಂದ ಗ್ಲಾಸ್ಗೋಗೆ 3 ಗಂಟೆ 53 ನಿಮಿಷಕ್ಕಿಂತ ಕಡಿಮೆ ಸಮಯದಲ್ಲಿ ಹೋಯಿತು. 2021ರಲ್ಲಿ ಪೆಂಡೊಲಿನೊ ಈ ದಾಖಲೆ ಮುರಿಯಲು ಹೊರಟು ಬರೀ 21 ಸೆಕೆಂಡಿನಿಂದ ಸೋತಿತು.

ಎಪಿಟಿ-ಇ ಈಗ ಶಿಲ್ಡನ್ ಊರಿನ ಲೋಕೋಮೋಷನ್ ಮ್ಯೂಸಿಯಂನಲ್ಲಿದೆ. ಸ್ವಯಂಸೇವಕರು ಅದರ ಆರೈಕೆ ಮಾಡಿದ್ದಾರೆ. ಆಟಿಕೆ ರೈಲಿನವರ ಕೊಡುಗೆಯೂ ಕಡಿಮೆ ಅಲ್ಲ. ಕೆನಡಾದ ರಾಪಿಡೊ ಕಂಪನಿ ಮಾದರಿ ಮಾಡಲು ಇಡೀ ರೈಲನ್ನು ಲೇಸರ್‌ನಿಂದ ಅಳೆಯಿತು. ದೊಡ್ಡವರು ಆಟಿಕೆ ಜೊತೆ ಕೂತಿದ್ದಾರೆ ಅಂತ ನಗುವವರು ನಗಲಿ. ಒಂದು ಬೋಲ್ಟಿನ ತಲೆ ಎಲ್ಲಿದೆ ಅಂತ ರಾತ್ರಿಯೆಲ್ಲ ಜಗಳ ಆಡುವ ಈ ಜನ ಇಲ್ಲದಿದ್ದರೆ ಎಷ್ಟೋ ವಿವರ ಗುಜರಿಗೆ ಹೋಗುತ್ತಿತ್ತು. ನನ್ನ ತಕರಾರು ಒಂದೇ. ಲೇಸರ್‌ಗೆ ಹೊರಮೈ ಕಾಣುತ್ತದೆ. ಟೆಸ್ಟ್ ರಿಪೋರ್ಟು, ತಿದ್ದಿ ಬಿಸಾಕಿದ ಡ್ರಾಯಿಂಗು, ಆ ಎಂಜಿನಿಯರುಗಳ ನೆನಪು, ಇವನ್ನೂ ಅಷ್ಟೇ ಹಟದಿಂದ ಅಳೆದು ಇಡಬೇಕು. 1972ರಲ್ಲಿ ಮೂವತ್ತು ವರ್ಷ ಆಗಿದ್ದವರಿಗೆ ಈಗ ಎಂಬತ್ತು ದಾಟಿದೆ.

ನಮ್ಮಲ್ಲೂ 2016ರಲ್ಲಿ ಸ್ಪೇನಿನ ಟಾಲ್ಗೊ ರೈಲಿನ ಪರೀಕ್ಷೆ ನಡೆಯಿತು. ಮಥುರಾ–ಪಲ್ವಲ್ ನಡುವೆ ಗಂಟೆಗೆ 180 ಕಿಲೋಮೀಟರ್ ಓಡಿತು, ದೆಹಲಿಯಿಂದ ಮುಂಬೈಗೆ 12 ಗಂಟೆಯೊಳಗೆ ಹೋಯಿತು. ಅದರ ವಿದ್ಯೆ ಬೇರೆ, ತೊಟ್ಟಿಲಿನ ಹಾಗೆ ತಾನಾಗೇ ಓಲುವುದು. ಹಳಿಯಲ್ಲಿ ನಿಂತು ಮಾಪನ ಬರೆದುಕೊಂಡ ನಮ್ಮ ರೈಲ್ವೆಯವರ ನೋಟ್‌ಬುಕ್‌ಗಳು ಯಾರದೋ ಬೀರುವಿನಲ್ಲಿ ಗೆದ್ದಲು ತಿನ್ನದಿರಲಿ.

ಊರಿಗೆ ಬಂದ ಮೇಲೆ ಆ ಫಿಟ್ಟರ್‌ಗೆ ಫೋನ್ ಮಾಡಿದೆ. ಮಾಗಡಿ ಕಡೆ ಮಗನ ಮನೆಯಲ್ಲಿದ್ದಾರೆ. "ನೀವು ಮಾಡ್ತಿದ್ದ ಕೆಲಸದ ಬಗ್ಗೆ ಒಂದಷ್ಟು ಬರ್ಕೋಬೇಕು" ಅಂದೆ. ನಕ್ಕರು. "ಈಗ ಯಾಕೆ ಸಾರ್, ಫ್ಯಾಕ್ಟ್ರೀನೇ ಮುಚ್ಚಿ ಹೋಯ್ತಲ್ಲ?" ಅಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಭಾನುವಾರ ಬನ್ನಿ. ಆ ಮುಚ್ಚಳದಲ್ಲಿ ಇನ್ನೊಂದು ವಿಷ್ಯ ಇತ್ತು, ನಿಮಗೆ ಹೇಳೇ ಇಲ್ಲ" ಅಂದರು.