ಜೀನ್ ಸಿಕ್ಕಿತು ಅಂದರೆ ವಿಷ ಸಿಕ್ಕಿತು ಅಂತಲ್ಲ

ನೀರಿನ ಪಾಚಿ ವಿಷದ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ. ಆದರೆ ಡಿಎನ್‌ಎ ಪರೀಕ್ಷೆ ಮಾಡಿದರೆ ನೀರಲ್ಲಿ ಪಾಚಿಯ ವಿಷ ಎಷ್ಟಿದೆ ಅಂತ ಗೊತ್ತಾಗುತ್ತದೆ ಎಂದು ಬರೆದಿದ್ದೀರಲ್ಲ, ಅದು ಸರಿಯಲ್ಲ. ಕ್ಯೂಪಿಸಿಆರ್ ಎಂಬ ಈ ಡಿಎನ್‌ಎ ಪರೀಕ್ಷೆ ಎಣಿಸುವುದು ವಿಷವನ್ನಲ್ಲ, ವಿಷ ತಯಾರಿಸುವ ಜೀನ್‌ನ ಪ್ರತಿಗಳನ್ನು. ಜೀನ್ ಇದ್ದೂ ವಿಷ ಮಾಡದೆ ಸುಮ್ನೆ ಕೂತಿರಬಹುದು. ಸತ್ತ ಕೋಶದ ಡಿಎನ್‌ಎ ಕೂಡ ಲೆಕ್ಕಕ್ಕೆ ಬರುತ್ತದೆ. ಉಲ್ಟಾ ಕೂಡ ಆಗುತ್ತದೆ: ಕೋಶ ಒಡೆದು ಹೋದ ಮೇಲೂ ವಿಷ ನೀರಲ್ಲೇ ಉಳಿದಿರಬಹುದು.

ಹಾಗಂತ ಪರೀಕ್ಷೆ ದಂಡ ಅಂತಲ್ಲ. ಮೈಕ್ರೋಸಿಸ್ಟಿಸ್ ಎಂಬ ನೀಲಿ-ಹಸಿರು ಪಾಚಿಯಲ್ಲಿ ವಿಷ ಮಾಡುವ ತಳಿ, ಮಾಡದ ತಳಿ ಎರಡೂ ಮೈಕ್ರೋಸ್ಕೋಪ್‌ನಲ್ಲಿ ಒಂದೇ ಥರ ಕಾಣುತ್ತವೆ. ಜೀನ್ ನೋಡಿದರೇ ಬೇರೆ ಮಾಡಲು ಸಾಧ್ಯ.

ಅಮೆರಿಕದ ಓಹಾಯೋ ರಾಜ್ಯದ ಉದಾಹರಣೆ ಕೊಡಬಹುದಿತ್ತು. 2014ರ ಆಗಸ್ಟ್‌ನಲ್ಲಿ ಟೊಲೆಡೊ ನಗರದ ನಲ್ಲಿ ನೀರಲ್ಲಿ ಮೈಕ್ರೋಸಿಸ್ಟಿನ್ ಎಂಬ ಪಾಚಿ ವಿಷ ಸಿಕ್ಕಿತು. ನೀರು ಬರುವುದು ಈರಿ ಸರೋವರದಿಂದ. ಸುಮಾರು 4 ಲಕ್ಷಕ್ಕೂ ಹೆಚ್ಚು ಜನರಿಗೆ ಕುಡಿಯಬೇಡಿ, ಕುದಿಸಲೂ ಬೇಡಿ ಎಂದರು. ಕುದಿಸಿದರೆ ಈ ವಿಷ ಹೋಗುವುದಿಲ್ಲ, ನೀರು ಆವಿಯಾಗಿ ಉಳಿದ ನೀರಲ್ಲಿ ವಿಷದ ಸಾಂದ್ರತೆ ಇನ್ನೂ ಜಾಸ್ತಿಯಾಗುತ್ತದೆ ಅಷ್ಟೇ! 2016ರಿಂದ ಆ ರಾಜ್ಯದಲ್ಲಿ ಸರೋವರ, ನದಿ ನೀರು ಬಳಸುವ ಕುಡಿಯುವ ನೀರಿನ ಘಟಕಗಳಿಗೆ ಕ್ಯೂಪಿಸಿಆರ್ ತಪಾಸಣೆ ಕಡ್ಡಾಯ. ಮೈಕ್ರೋಸಿಸ್ಟಿನ್‌ಗೆ ಎಂಸಿವೈಇ ಜೀನ್, ಸ್ಯಾಕ್ಸಿಟಾಕ್ಸಿನ್ ಎಂಬ ಇನ್ನೊಂದು ಪಾಚಿ ವಿಷಕ್ಕೆ ಎಸ್‌ಎಕ್ಸ್‌ಟಿಎ ಜೀನ್ ಹುಡುಕುತ್ತಾರೆ. ವಿಷದ ಪ್ರಮಾಣ ಅಳೆಯುವುದು ಮಾತ್ರ ವಿಷವನ್ನೇ ಪ್ರತಿಕಾಯಗಳಿಂದ ಪತ್ತೆ ಮಾಡುವ ಎಲೈಸಾದಂಥ ಬೇರೆ ಪರೀಕ್ಷೆಯಲ್ಲೇ. ಲೇಖನದ ಆ ಸಾಲು ತಿದ್ದಿದರೆ ಒಳ್ಳೆಯದು ಅಲ್ವಾ?