ಹತ್ತು ಮಂದಿ ಸತ್ರು, ಕೇಸಿಗೆ ಎರಡ ಮನಿ ಹೆಸರು

ನಿನ್ನೆ ರಾತ್ರಿ ನಮ್ಮ ತಂಗಿ ಮಗ ಊಟಕ್ಕ ಕುಂತಾಗೂ ಮೊಬೈಲ್‌ನಾಗ ಪುಣೆದ ಜೋಶಿ-ಅಭ್ಯಂಕರ್ ಕೊಲೆ ಕೇಸಿನ ವಿಡಿಯೋ ಹಚ್ಚಿದ್ದ. 1976-77ರಾಗ ಒಂದ ಕಾಲೇಜಿನ ನಾಕು ಹುಡುಗರು ಹತ್ತು ಮಂದಿನ್ನ ಕೊಂದ ಕೇಸು ಅದು. ಅವರ ಮುಂದಾಳು ರಾಜೇಂದ್ರ ಜಕ್ಕಲ್ ಎಷ್ಟು ಶ್ಯಾಣ್ಯಾ, ಹೆಂಗ ಪ್ಲಾನ್ ಹಾಕ್ತಿದ್ದ, ಬರೇ ಇದ. ನಮ್ಮತ್ತಿ ಅರ್ಧ ರೊಟ್ಟಿ ತಾಟಿನಾಗ ಬಿಟ್ಟು ಎದ್ದು ಹೋದ್ರು.

ಅತ್ತಿ ಮದುವಿ ಆಗಿ ಪುಣೆಕ್ಕ ಹೋಗಿದ್ದ 1976ರಾಗ. ಆ ಚಳಿಗಾಲ ಹೊತ್ತು ಮುಳುಗಿತಂದ್ರ ಓಣಿಗೆ ಓಣಿನ ಬಾಗಲಾ ಹಾಕ್ಕೊಂಡು ಕುಂಡ್ರತಿತ್ತಂತ. ಹುಬ್ಬಳ್ಳಿಗೆ ಬಂದು ಇಷ್ಟು ವರ್ಷ ಆದ್ರೂ ಬೆಲ್ ಆದ್ರ ಮೊದಲ ಕಿಡಕಿ ಪರದೆ ಸರಿಸಿ ನೋಡಿ, ಹೆಸರು ಕೇಳಿ, ಆಮ್ಯಾಲೆ ಚಿಲಕ ತೆಗಿತಾರ.

ಮುಂಬೈದ ರಾಮನ್ ರಾಘವ್ ಕೇಸು ಅಂದ್ರ ಕೊಂದಾಂವನ ಹೆಸರು, ಇದಕ್ಕರೆ ಸತ್ತವರ ಹೆಸರು ಐತಲ್ಲ ಅಂತ ನನಗ ಸಮಾಧಾನ ಇತ್ತು, ಆದ್ರ ಲೆಕ್ಕ ಹಾಕಿ ನೋಡ್ರಿ. ಜೋಶಿ ಮನ್ಯಾಗ ಮೂರು, ಅಭ್ಯಂಕರ್ ಮನ್ಯಾಗ ಐದು, ಉಳಿದಿಬ್ಬರು? ಮೊದಲ ಸತ್ತಾಂವ ಪ್ರಕಾಶ ಹೆಗ್ಡೆ, ಕೊಂದವರ ಕಾಲೇಜಿನ ಹುಡುಗನ, ಅವರಪ್ಪಂದು ಕಾಲೇಜ್ ಹಿಂದ ಹೋಟೆಲ್. ಹೆಗ್ಡೆ, ಹೋಟೆಲ್ ಅಂದ್ರ ನಮ್ಮ ಕಡೆ ಯಾರಿಗರೆ ಕಳ್ಳು ಚುರ್ ಅನ್ನಬೇಕಲ್ಲ. 1976ರ ಜನವರ್ಯಾಗ ಅವನ ಕೈಲೆ ಚೀಟಿ ಬರಸಿ, ನೈಲಾನ್ ಹಗ್ಗದಿಂದ ಕುತ್ತಿಗಿ ಬಿಗದು, ಬ್ಯಾರಲ್‌ನಾಗ ತುಂಬಿ ಪೇಶ್ವೆ ಪಾರ್ಕಿನ ಕೆರಿಗೆ ಒಗದು, ಆಮ್ಯಾಲೆ ಅಪ್ಪಗ ರೊಕ್ಕ ಕೇಳೋ ಆ ಚೀಟಿ ಮುಟ್ಟಿಸಿದ್ರು. ಮಗನ ಅಕ್ಷರ ಅಪ್ಪ ಗುರುತು ಹಿಡಿಲಾರದ ಇರ್ತಾನೇನ್ರಿ?

ಅಭ್ಯಂಕರ್ ಅಂದ್ರ ಕಾಶೀನಾಥ ಶಾಸ್ತ್ರಿಗಳು, ಸಂಸ್ಕೃತ ವ್ಯಾಕರಣದ ಕೋಶ ಬರದವರು, ಎಂಬತ್ತು ದಾಟಿದ ಜೀವ. ಅವರು, ಅವರ ಹೆಂಡ್ತಿ, ಮೊಮ್ಮಗಳು, ಮೊಮ್ಮಗ. ಐದನೇದಾಕಿ ಮನಿ ಕೆಲಸದ ಸಕುಬಾಯಿ. ಅತ್ತಿ ಕೈ ತೊಳಕೊಂಡು ಬಂದು ಹುಡುಗಗ ಕೇಳಿದ್ದು ಅದನ್ನ, "ಸಕುಬಾಯಿ ಹೆಸರು ಹೇಳ್ಯಾರೇನಪಾ ಅದರಾಗ?" ಅಂವ ಹಿಂದ ಮುಂದ ಓಡಿಸಿ ನೋಡಿದ. "ಕೆಲಸದಾಕಿ" ಅಂತ ಒಂದು ಮಾತು, ಅಷ್ಟ.

ಮತ್ತ ಶ್ಯಾಣ್ಯಾತನ ಎಲ್ಲಿದು? ಬಾಗಲಾ ತೆಗದವರನ್ನ, ಮುದುಕರನ್ನ, ಕೈ ಕಟ್ಟಿ ಕೊಲ್ಲಾಕ ಏನು ತಲಿ ಬೇಕು! 1977ರ ಮಾರ್ಚ್‌ನಾಗ ಹತ್ತನೇದಾಂವ, ಅನಿಲ್ ಗೋಖಲೆ ಅನ್ನೋ ಹುಡುಗ, ಅವನ ಹೆಣ ಏಣಿಗೆ ಕಟ್ಟಿ ಹೊಳಿಗೆ ಒಗದ್ರು, ಅದು ಮ್ಯಾಲೆ ಬಂತು, ಪೊಲೀಸ್ರು ಈ ಕೊಂದ ಹುಡುಗರನ್ನ ಕೂಡ್ರಿಸಿ ಕೇಳಿದ್ರ ಒಬ್ಬೊಬ್ಬರದು ಒಂದೊಂದು ಮಾತು, ಜೋಡಿ ಇದ್ದಾಂವನ ಮಾಫಿ ಸಾಕ್ಷಿ ಆದ. 1983ರ ನವೆಂಬರ್ 27ಕ್ಕ ನಾಕೂ ಮಂದಿಗೆ ಯರವಡಾ ಜೈಲಿನಾಗ ಗಲ್ಲು.