35 ಸಾವಿರ ಅಡಿ ಮೇಲೆ ಒಟಿಪಿಗೆ ಕಾದವರು

ಕಂಪನಿಯ ಖರ್ಚಿನಲ್ಲಿ ಬಿಸಿನೆಸ್ ಕ್ಲಾಸಿನಲ್ಲಿ ಕೂರುವ ಭಾಗ್ಯ ಒದಗಿದವರಿಗೆ ವಿಮಾನದಲ್ಲಿ ಸಿಗುವ ಉಪಚಾರದ ಮುಂದೆ, ಮದುವೆಮನೆಯಲ್ಲಿ ಹೊಸ ಅಳಿಯನಿಗೆ ನಡೆಯುವ ಉಪಚಾರವೂ ಸಪ್ಪೆ. ಕೂತ ಕೂಡಲೇ ಬಿಸಿ ಟವೆಲ್ಲು ಬರುತ್ತದೆ. ಕಾಲಿಗೆ ಚೀಲ, ಕಣ್ಣಿಗೆ ಪಟ್ಟಿ, ಹಲ್ಲಿಗೆ ಬ್ರಷ್ಷು, ಮಲಗಲು ಹಾಸಿಗೆ ಎಲ್ಲವೂ ಕೇಳದೆಯೇ ಒದಗುತ್ತವೆ. ಹತ್ತು ಗಂಟೆಯ ಹಾದಿಯಲ್ಲಿ ಎಷ್ಟು ಲೋಟ ಷಾಂಪೇನ್ ಇಳಿಯಿತೆಂದು ಯಾರೂ ಲೆಕ್ಕವಿಡುವುದಿಲ್ಲ. ಆದರೆ ಅದೇ ಮಹಾನುಭಾವರು ‘ವಿಮಾನ ತಡವಾಗಿದೆ, ಊಟಕ್ಕೆ ಕಾಯಬೇಡ’ ಎಂದು ಮನೆಗೆ ಒಂದು ಸಾಲು ಕಳುಹಿಸಲು ಫೋನ್ ಕೈಗೆತ್ತಿಕೊಂಡರೆ ಅಳಿಯತನ ಅಲ್ಲಿಗೆ ಮುಗಿದು ವೈಫೈ ದರಪಟ್ಟಿ ತೆರೆದುಕೊಳ್ಳುತ್ತದೆ.

ಆ ದರಪಟ್ಟಿಯೂ ಓದಲು ಯೋಗ್ಯವಾದ ಸಾಹಿತ್ಯವೇ. 2024ರಲ್ಲಿ ವಿಸ್ತಾರ ಸಂಸ್ಥೆ ತನ್ನ ವಿದೇಶೀ ಹಾದಿಗಳಲ್ಲಿ 20 ನಿಮಿಷದ ವೈಫೈಯನ್ನು ಎಲ್ಲರಿಗೂ ಉಚಿತವಾಗಿ ಕೊಟ್ಟಿತು. ಇಪ್ಪತ್ತೊಂದನೆಯ ನಿಮಿಷದಿಂದ ಬರೀ ಚಾಟ್ ಮಾಡಲು 372 ರೂಪಾಯಿ 74 ಪೈಸೆ, ವೆಬ್ ನೋಡಲು 1,577 ರೂಪಾಯಿ 54 ಪೈಸೆ, ಮಿತಿಯಿಲ್ಲದೆ ಬಳಸಲು 2,707 ರೂಪಾಯಿ 4 ಪೈಸೆ. ಇವೆಲ್ಲದರ ಮೇಲೆ ಜಿಎಸ್‌ಟಿ ಬೇರೆ. ಭೂಮಿಯ ಮೇಲೆ 25 ಪೈಸೆಯ ನಾಣ್ಯಕ್ಕೆ ಸರ್ಕಾರವೇ 2011ರಲ್ಲಿ ಎಳ್ಳುನೀರು ಬಿಟ್ಟಿದೆ. ಆದರೂ ಮುಗಿಲಿನ ಮೇಲೆ ಯಾರೋ ಪುಣ್ಯಾತ್ಮರು ಕೂತು ಆ ನಾಲ್ಕು ಪೈಸೆಯನ್ನು ಬಿಡದೆ ಎಣಿಸಿದ್ದಾರೆಂದರೆ, ದರ ದುಬಾರಿಯಾದರೂ ಅದರ ಹಿಂದೆ ಲೆಕ್ಕಾಚಾರವೊಂದಿದೆ ಎಂದು ಒಪ್ಪಲೇಬೇಕು. ಯಾವ ಲೆಕ್ಕಾಚಾರವೆಂದು ಮಾತ್ರ ಕೇಳಬಾರದು.

ಇದನ್ನು ದುಬಾರಿ ಎನ್ನುವವರು 2014ರ ನವೆಂಬರಿನಲ್ಲಿ ಲಂಡನ್ನಿನಿಂದ ಸಿಂಗಾಪುರಕ್ಕೆ ಹೊರಟಿದ್ದ ವ್ಯಾಪಾರಿ ಪ್ರಯಾಣಿಕರೊಬ್ಬರನ್ನು ನೆನೆಯಬೇಕು. 30 ಎಂಬಿಗೆ 28 ಡಾಲರ್ 99 ಸೆಂಟಿನ ಪ್ಯಾಕ್ ಕೊಂಡು, ಒಂದಷ್ಟು ಮೇಲ್ ನೋಡಿ, ಒಂದು ಪವರ್‌ಪಾಯಿಂಟ್ ಕಡತವನ್ನು ಏರಿಸಿ ಮಲಗಿದವರು, ಇಳಿದ ಮೇಲೆ ನೋಡಿದರೆ ಬಿಲ್ಲು 1,171 ಡಾಲರ್ ತಲುಪಿತ್ತು. ತೆರೆದ ಪುಟಗಳ ಸಂಖ್ಯೆ 155 ಎಂದು ವರದಿಯಾಯಿತು. ಅಂದರೆ ಪುಟಕ್ಕೆ ಏಳೂವರೆ ಡಾಲರ್ ಬಿತ್ತು. ಆ ದರದಲ್ಲಿ ತೆರೆದ ಮೇಲ್‌ನಲ್ಲಿ ‘ಥ್ಯಾಂಕ್ಸ್’ ಎಂಬ ಒಂದೇ ಪದವಿದ್ದರೆ, ಅದನ್ನು ಕಳುಹಿಸಿದವರ ಮೇಲೆ ಮೊಕದ್ದಮೆ ಹೂಡಬೇಕೆನಿಸುವುದು ಸಹಜ.

ಇಷ್ಟೇಕೆ ಎಂದರೆ ತಿಳಿದವರು ಉಪಗ್ರಹದ ಕಡೆ ಕೈ ತೋರಿಸುತ್ತಾರೆ. ಅವರ ಮಾತು ಸುಳ್ಳಲ್ಲ. ಭೂಸ್ಥಿರ ಉಪಗ್ರಹವು 35,786 ಕಿಲೋಮೀಟರ್ ಎತ್ತರದಲ್ಲಿದ್ದು, ನಮ್ಮ ಪ್ರಶ್ನೆ ಅಲ್ಲಿಗೆ ಹತ್ತಿ, ನೆಲಕ್ಕಿಳಿದು, ಉತ್ತರವೂ ಅದೇ ದಾರಿಯಲ್ಲಿ ಮರಳುವ ಹೊತ್ತಿಗೆ ಬೆಳಕಿನ ವೇಗಕ್ಕೂ ಅರ್ಧ ಸೆಕೆಂಡು ಬೇಕು. ವಿಮಾನದ ನೆತ್ತಿಯ ಮೇಲೆ ಗೂಳಿಯ ಭುಜದಂತೆ ಉಬ್ಬಿರುವ ಆಂಟೆನಾ ಗಾಳಿಗೆ ಅಡ್ಡವಾಗಿ ಒಂದಿಷ್ಟು ಇಂಧನವನ್ನೂ ತಿನ್ನುತ್ತದೆ. ಬೋಯಿಂಗ್ ಕಂಪನಿಯೇ 2004ರಲ್ಲಿ ಲುಫ್ತಾನ್ಸ ವಿಮಾನಗಳಲ್ಲಿ ಈ ಸೇವೆಯನ್ನು ಆರಂಭಿಸಿ, ದೂರದ ಹಾದಿಗೆ ಸುಮಾರು 30 ಡಾಲರ್ ಕೇಳಿ, ಸಾಕಷ್ಟು ಗಿರಾಕಿಗಳು ಸಿಗದೆ 2006ರಲ್ಲಿ ಅಂಗಡಿ ಮುಚ್ಚಿತು. 2008ರಲ್ಲಿ ಅಮೆರಿಕನ್ ಏರ್‌ಲೈನ್ಸ್ ವಿಮಾನಗಳಿಗೆ ಬಂದ ಗೋಗೋ ಎಂಬ ಕಂಪನಿ 12 ಡಾಲರ್ 95 ಸೆಂಟಿಗೆ, ನೆಲದ ಗೋಪುರಗಳಿಂದ ಸುಮಾರು 3 ಎಂಬಿಪಿಎಸ್ ಸಂಪರ್ಕವನ್ನು ಇಡೀ ವಿಮಾನಕ್ಕೆ ಹಂಚಿತು. ಒಂದು ಚೊಂಬು ಮಜ್ಜಿಗೆಯಲ್ಲಿ ಊರಿಗೆಲ್ಲ ಊಟ ಬಡಿಸಿದಂತಿದ್ದ ಈ ವ್ಯವಸ್ಥೆಯಿಂದ ಬೇಸತ್ತು, 2016ರಲ್ಲಿ ಆ ವಿಮಾನ ಸಂಸ್ಥೆಯೇ ಕರಾರಿನ ವಿಷಯವಾಗಿ ಗೋಗೋ ವಿರುದ್ಧ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಹಣ ತೆತ್ತು ಎಂಟು ವರ್ಷ ಚಕ್ರ ತಿರುಗುವುದನ್ನು ನೋಡುತ್ತ ಕೂತಿದ್ದ ಪ್ರಯಾಣಿಕರು ಹತ್ತಲು ಯಾವ ಮೆಟ್ಟಿಲೂ ಇರಲಿಲ್ಲ.

ಉಪಗ್ರಹದ ಕಥೆಯನ್ನು ಒಪ್ಪಿಕೊಂಡ ಮೇಲೂ ನನಗೆ ನೆನಪಾಗುವುದು ರಾತ್ರಿ ಬಸ್ಸು ನಿಲ್ಲುವ ಹೆದ್ದಾರಿಯ ಹೋಟೆಲು. ಅಲ್ಲಿ ತಣ್ಣಗಿನ ಇಡ್ಲಿಗೆ ಊರಿನ ಎರಡರಷ್ಟು ದರವಿರುವುದು ಅಕ್ಕಿ ದುಬಾರಿಯಾಗಿರುವುದರಿಂದಲ್ಲ, ಸುತ್ತ ಬೇರೆ ಹೋಟೆಲಿಲ್ಲದಿರುವುದರಿಂದ. ಅಲ್ಲಿ ಕನಿಷ್ಠ ಕೆಳಗಿಳಿದು ಬೇಲಿಯ ಪಕ್ಕ ನಿಂತು ಹೊಟ್ಟೆಯುರಿಯನ್ನಾದರೂ ಕಳೆದುಕೊಳ್ಳಬಹುದು.

ಕಳೆದ ಬಾರಿ ಬೆಂಗಳೂರಿನಿಂದ ಫ್ರಾಂಕ್‌ಫರ್ಟಿಗೆ ಹೊರಟಾಗ, ಹೆಸರು ಹೇಳಬಯಸದ ವಿಮಾನವೊಂದರಲ್ಲಿ, ನಾನೂ ಈ ಸೇವೆಯನ್ನು ಕೊಳ್ಳಲು ಕೂತೆ. ಪ್ಯಾಕ್ ಆರಿಸಿ, ಕಾರ್ಡಿನ ಹದಿನಾರು ಅಂಕಿ ತುಂಬಿ, ಗುಂಡಿ ಒತ್ತಿದ ಕೂಡಲೇ, ನೋಂದಾಯಿತ ಮೊಬೈಲಿಗೆ ಒಟಿಪಿ ಕಳುಹಿಸಲಾಗಿದೆಯೆಂದು ಬ್ಯಾಂಕು ಅತ್ಯಂತ ವಿನಯದಿಂದ ತಿಳಿಸಿತು. ಒಟಿಪಿ ಬರಲು ನೆಟ್‌ವರ್ಕ್ ಬೇಕು. ನೆಟ್‌ವರ್ಕ್ ಇದ್ದಿದ್ದರೆ ನಾನು ಈ ಪ್ಯಾಕ್ ಏಕೆ ಕೊಳ್ಳುತ್ತಿದ್ದೆ? ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು ಎಂಬ ಗಾದೆಯನ್ನು ಕಟ್ಟಿದ ಹಿರಿಯರು ಇದನ್ನು ಮೊದಲೇ ಕಂಡಿದ್ದಿರಬೇಕು. ಎಳನೀರಿನ ಗಾಡಿಯಲ್ಲೂ ಕ್ಯೂಆರ್ ಕೋಡ್ ನೇತುಹಾಕಿರುವ ನಗರದಿಂದ ಹೊರಟವನು ಮೂರು ಬಾರಿ ‘ಮತ್ತೆ ಕಳುಹಿಸಿ’ ಒತ್ತಿ, ಮೂರು ಬಾರಿಯೂ ಆಕಾಶ ನೋಡಿದೆ. ಪಕ್ಕದಲ್ಲಿದ್ದ ಪೀಣ್ಯದ ಕಾರ್ಖಾನೆ ಮಾಲೀಕರೊಬ್ಬರು ಕನಿಕರದಿಂದ, “ಸಾರ್, ಕಂಪನಿ ಕ್ರೆಡಿಟ್ ಕಾರ್ಡ್ ಹಾಕಿ ನೋಡಿ, ಫಾರಿನ್ ಸೈಟಲ್ಲಿ ಒಂದೊಂದ್ಸಲ ಒಟಿಪಿ ಕೇಳಲ್ಲ” ಎಂದರು. ಅವರೆಂದಂತೆಯೇ ಆಯಿತು. ನನ್ನ ಹಣವಾಗಿದ್ದಾಗ ಅಷ್ಟೊಂದು ಕಾವಲು ಕಾದ ವ್ಯವಸ್ಥೆ, ಕಂಪನಿಯ ಹಣವೆಂದು ತಿಳಿದ ಕೂಡಲೇ ಬಾಗಿಲು ತೆರೆಯಿತು.

ಹೀಗೆ ಪಡೆದ ಸಂಪರ್ಕದಲ್ಲಿ ಮೊದಲು ಇಳಿಯತೊಡಗಿದ್ದು ನಮ್ಮ ಮಾನವ ಸಂಪನ್ಮೂಲ ವಿಭಾಗದವರು ಕಳುಹಿಸಿದ್ದ, ಕಚೇರಿಯ ರಾಜ್ಯೋತ್ಸವದ 18 ಎಂಬಿಯ ಚಿತ್ರಗಳು. ಕಪ್ಪು ಸಮುದ್ರದ ಮೇಲೆ ಹಳದಿ ಬಣ್ಣ ಕಾಣಿಸಿತು. ಕೆಂಪು ಬರುವಷ್ಟರಲ್ಲಿ ಪ್ಯಾಕ್ ಮುಗಿಯಿತು. ಫ್ರಾಂಕ್‌ಫರ್ಟಿನಲ್ಲಿ ಇಳಿದು ಫೋನನ್ನು ಎಚ್ಚರಿಸಿದಾಗ ಮೂರೂ ಒಟಿಪಿಗಳು ಸಾಲಾಗಿ ಬಂದು ನಿಂತವು. ಯಾರೊಂದಿಗೂ ಹಂಚಿಕೊಳ್ಳಬೇಡಿ ಎಂಬ ಎಚ್ಚರಿಕೆ ಮೂರರಲ್ಲೂ ಇತ್ತು.

ಮರಳಿ ಬಂದು ಖರ್ಚಿನ ಪಟ್ಟಿ ಕೊಟ್ಟಾಗ ಅಕೌಂಟ್ಸ್ ವಿಭಾಗದ ಸಜ್ಜನರು ಆ 29 ಯೂರೋ ಬಿಲ್ಲನ್ನೂ, ಅದರ ಬೆನ್ನಿಗಿದ್ದ ಶೇ. 3.5ರ ವಿದೇಶೀ ವಿನಿಮಯ ಶುಲ್ಕವನ್ನೂ ಬೆಳಕಿಗೆ ಹಿಡಿದು ನೋಡಿದರು. ಒಂದೂವರೆ ಲಕ್ಷದ ಟಿಕೆಟ್ಟನ್ನು ಕಣ್ಣೆತ್ತಿಯೂ ನೋಡದವರು ಅವರೇ. “ಸಾರ್, ಇದರಲ್ಲಿ ಜಿಎಸ್‌ಟಿ ನಂಬರ್ ಇಲ್ಲ. ಇಂಟರ್ನೆಟ್ ಅಂತ ಪಾಲಿಸಿಯಲ್ಲಿ ಹೆಡ್ಡೂ ಇಲ್ಲ. ಊಟ ಅಂತ ಹಾಕಿಬಿಡಲಾ?” ಎಂದರು. ಹಾಕಿದರು. ಹೀಗಾಗಿ ನಮ್ಮ ಕಂಪನಿಯ ದಾಖಲೆಗಳಲ್ಲಿ ನಾನು ಕಪ್ಪು ಸಮುದ್ರದ ಮೇಲೆ 29 ಯೂರೋ ಊಟ ಮಾಡಿದವನಾಗಿ ಉಳಿದಿದ್ದೇನೆ. ಈ ದರಗಳ ಗುಟ್ಟು ನನಗೆ ಹೊಳೆದಿದ್ದೂ ಆಗಲೇ: ಕೊಳ್ಳುವವನು ಹಣ ಕೊಡುವುದಿಲ್ಲ, ಹಣ ಕೊಡುವವರಿಗೆ ಏನು ಕೊಂಡರೆಂದು ತಿಳಿಯುವುದಿಲ್ಲ, ಮಾರುವವರಿಗೆ ಈ ಎರಡೂ ಚೆನ್ನಾಗಿ ಗೊತ್ತು.

ಈಗ ಕಾಲ ಬದಲಾಗುತ್ತಿದೆಯೆಂದು ಸುದ್ದಿ. ಅಮೆರಿಕದ ಡೆಲ್ಟಾ 2023ರ ಫೆಬ್ರುವರಿಯಿಂದ ತನ್ನ ಸದಸ್ಯರಿಗೆ ವೈಫೈ ಉಚಿತ ಮಾಡಿತು. ಕತಾರ್ ಏರ್‌ವೇಸ್ 2024ರ ಅಕ್ಟೋಬರಿನಲ್ಲಿ, ಕೆಳಕಕ್ಷೆಯಲ್ಲಿ ಸುತ್ತುವ ಸ್ಟಾರ್‌ಲಿಂಕ್ ಉಪಗ್ರಹಗಳಿಗೆ ವಿಮಾನವನ್ನು ಜೋಡಿಸಿ ಕಾಸಿಲ್ಲದೆ ಕೊಡತೊಡಗಿತು. ಏರ್ ಇಂಡಿಯಾ ಕೂಡ 2025ರ ಜನವರಿ 1ರಂದು ದೇಶದೊಳಗಿನ ಕೆಲವು ವಿಮಾನಗಳಲ್ಲಿ ಉಚಿತ ಸೇವೆ ಆರಂಭಿಸಿತು. ಇಪ್ಪತ್ತು ವರ್ಷ ಉಪಗ್ರಹದ ದೂರವನ್ನು ತೋರಿಸಿ ಹಣ ಕೇಳಿದವರು ಈಗ ನಮ್ಮ ಮಿಂಚಂಚೆ ವಿಳಾಸವೊಂದು ಸಾಕೆನ್ನುತ್ತಿದ್ದಾರೆ. ಪ್ರಯಾಣಿಕರು ಸಂಭ್ರಮಿಸಬೇಕಾದ ಹೊತ್ತಿದು. ನಾನೂ ಒಂದು ವಾರ ಸಂಭ್ರಮಿಸಿದೆ.

ನಿನ್ನೆ ನಮ್ಮ ಮ್ಯಾನೇಜರ್ ಸಂದೇಶ ಕಳುಹಿಸಿದ್ದಾರೆ: “ನೀವು ಹೋಗೋ ಫ್ಲೈಟಲ್ಲಿ ವೈಫೈ ಫ್ರೀ ಅಂತೆ. ರಾತ್ರಿ ಹನ್ನೊಂದಕ್ಕೆ ಅಮೆರಿಕದವರ ಜೊತೆ ಕಾಲ್ ಇದೆ, ಮ್ಯೂಟಲ್ಲಿದ್ರೂ ಪರವಾಗಿಲ್ಲ, ಸೇರ್ಕೊಂಡ್ಬಿಡಿ. ಇಳಿಯೋದ್ರೊಳಗೆ ಆ ಪ್ರೆಸೆಂಟೇಷನ್ ಡೆಕ್ ಒಂದ್ಸಲ ನೋಡ್ಬಿಡಿ.” ಓದಿದ ಮೇಲೆ ನನಗೆ ಆ 2,707 ರೂಪಾಯಿ 4 ಪೈಸೆಯ ಮೇಲೆ ಎಂದೂ ಇಲ್ಲದ ಗೌರವ ಮೂಡಿತು. ಕೂಡಲೇ ಟ್ರಾವೆಲ್ ಡೆಸ್ಕಿಗೆ ಫೋನ್ ಮಾಡಿ, ವೈಫೈಗೆ ಕಣ್ಣು ಕುಕ್ಕುವ ದರವಿರುವ, ಸಾಧ್ಯವಾದರೆ ವೈಫೈಯೇ ಇಲ್ಲದ ಹಳೆಯ ವಿಮಾನ ಯಾವ ದಿನ ಹೊರಡುತ್ತದೆಂದು ವಿಚಾರಿಸಿದೆ. ಆ ಹುಡುಗ ಸ್ವಲ್ಪ ಹೊತ್ತು ಕಂಪ್ಯೂಟರ್ ನೋಡಿ, “ಗುರುವಾರ ಒಂದಿದೆ ಸಾರ್, ಆದ್ರೆ ವೇಟಿಂಗ್ ಲಿಸ್ಟ್ ದೊಡ್ಡದಿದೆ. ನಿಮ್ಮ ಮ್ಯಾನೇಜರ್ ಸಾರ್ ಕೂಡ ಅದನ್ನೇ ಕೇಳಿದ್ದಾರೆ” ಎಂದ.